ಮಗ್ಗ ನಿಂತರೆ ಏಳುವ ಮೊಮ್ಮಗಳು

ನನ್ನ ಮೊಮ್ಮಗಳು ಮೂರು ಮಗ್ಗ ಒಟ್ಟಿಗೆ ಓಡಿದರೆ ಮಾತ್ರ ಮಲಗುತ್ತಿದ್ದಳು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಊರಿಗೆಲ್ಲ ಹೇಳಿದ್ದೇನೆ. ಹಾಲಿನವನಿಗೆ ಹೇಳಿದ್ದೇನೆ, ಕರೆಂಟ್ ಬಿಲ್ ಕೊಡಲು ಬರುವವನಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೆ ಅವಳು ಇಳಿಯುವ ಸ್ಟಾಪ್ ದಾಟುವವರೆಗೂ ಹೇಳಿದ್ದೇನೆ.

ನಮ್ಮದು ದೊಡ್ಡಬಳ್ಳಾಪುರ. ಮನೆಯ ಮುಂಭಾಗದಲ್ಲಿ ಕರೆಂಟಿನ ಮೂರು ಮಗ್ಗ, ಹಿಂದೆ ನಾವು, ನಡುವೆ ಒಂದು ಗೋಡೆ. ಮಗಳು ಹೆರಿಗೆಗೆ ಬಂದವಳು ಬಾಣಂತನ ಮುಗಿಯುವವರೆಗೆ ಇಲ್ಲೇ ಇದ್ದಳು. ತೊಟ್ಟಿಲನ್ನು ಗೋಡೆ ಪಕ್ಕದ ತೊಲೆಗೆ ಕಟ್ಟಿದ್ದೆವು. ಮಗ್ಗ ಓಡುವಾಗ ತೊಲೆ ನಡುಗುತ್ತದೆ, ಗೂಡಿನಲ್ಲಿಟ್ಟ ಪಾತ್ರೆ ನಡುಗುತ್ತದೆ, ಮಾತಾಡಿದರೆ ಮಾತೂ ನಡುಗುತ್ತದೆ. ಮಗು ನಿದ್ದೆ ಮಾಡುತ್ತಿತ್ತು. ಕರೆಂಟ್ ಹೋಗಿ ಮಗ್ಗ ನಿಂತಿತೋ, ಕಣ್ಣು ಬಿಟ್ಟು ಅಳಲು ಶುರು. ಎದುರು ಮನೆಯವರು ಕರೆಂಟ್ ಹೋಗಿದೆಯೇ ಎಂದು ಸ್ವಿಚ್ ಹಾಕಿ ನೋಡುವುದನ್ನೇ ಬಿಟ್ಟಿದ್ದರು. ಮಗ್ಗದ ಮನೆಯಲ್ಲಿ ಹುಟ್ಟಿದ ಮಕ್ಕಳು ಹೆಚ್ಚುಕಡಿಮೆ ಹೀಗೇ. ನನ್ನ ಮಗಳೂ ಹೀಗೇ ಇದ್ದಳು. ಮೊಮ್ಮಗಳು ಅದನ್ನು ಇನ್ನೂ ಚೆನ್ನಾಗಿ ಮಾಡುತ್ತಾಳೆ.

ಇನ್ನು ಜಾಝ್ ವಿಷಯ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ಜಾಝ್ ಹೇಗೆ ಗಂಟುಬಿತ್ತು ಎಂದು ಎಲ್ಲರೂ ಕೇಳುತ್ತಾರೆ. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವನೊಬ್ಬ ಆಗೆಲ್ಲ ನಮ್ಮ ಬೀದಿಗೆ ಬರುತ್ತಿದ್ದ. ನಾನು ಕೊಟ್ಟ ಸೀರೆಗಳಿಗೆ ಅವನು ಕೊಟ್ಟ ಡಬರಿ ಸಾಲದು ಎಂದು ಜಗಳ ತೆಗೆದೆ. ಅವನು ಚೀಲಕ್ಕೆ ಕೈ ಹಾಕಿ, ಬೆಂಗಳೂರಿನ ಯಾವುದೋ ದೊಡ್ಡ ಮನೆಯಲ್ಲಿ ಎತ್ತಿಕೊಂಡಿದ್ದ ಒಂದಷ್ಟು ಕ್ಯಾಸೆಟ್ ತೆಗೆದು ಡಬರಿಯೊಳಕ್ಕೆ ಸುರಿದ. ಅವುಗಳ ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ಡಬರಿ ಸೋರಿ ಎಂದೋ ಹೋಯಿತು, ಕ್ಯಾಸೆಟ್ ಉಳಿದವು.

ಮಗ್ಗದ ಸದ್ದಿನಲ್ಲಿ ಸಿನಿಮಾ ಹಾಡಿನ ಮಾತು ಕೇಳುವುದಿಲ್ಲ. ಮಾತು ಹೋದರೆ ಆ ಹಾಡಿನಲ್ಲಿ ಅರ್ಧ ಹೋದಹಾಗೆ. ಮಗ್ಗದ ಮನೆಯಲ್ಲಿದ್ದ ದೊಡ್ಡ ಸ್ಪೀಕರ್ ಬಾಕ್ಸಿನ ಟೇಪಿಗೆ ಹಾಕಿದ ಈ ಕ್ಯಾಸೆಟ್‌ಗಳಲ್ಲಿ ಮಾತೇ ಇರಲಿಲ್ಲ. ಕಹಳೆಯಂಥದ್ದೊಂದು ಮಗ್ಗದ ಸದ್ದನ್ನು ಸೀಳಿಕೊಂಡು ಬರುತ್ತಿತ್ತು. ಲಾಳಿ ಆ ಕಡೆಯಿಂದ ಈ ಕಡೆಗೆ ಹೊಡೆಯುತ್ತದಲ್ಲ, ಆ ಎರಡು ಹೊಡೆತದ ಸಂದಿಯಲ್ಲಿ ಬಂದು ಕೂರುತ್ತಿತ್ತು. ನಮ್ಮ ಮಗ್ಗ ಎಲ್ಲಿ ಜಾಗ ಬಿಡುತ್ತದೆ ಎಂದು ಆ ಊದುವವನಿಗೆ ಗೊತ್ತಿದ್ದಂತೆ ಇತ್ತು. ನಾನು ದಾರ ಸುತ್ತುತ್ತಾ ಕೇಳುತ್ತಿದ್ದೆ. ನಮ್ಮ ಯಜಮಾನರು ಬಹಳ ದಿನ ಕೇಳಿ, ಕೊನೆಗೆ ಇವರೆಲ್ಲ ಒಂದೇ ಹಾಡು ಬಾರಿಸುತ್ತಾರಾ, ಬೇರೆ ಬೇರೆಯಾ ಎಂದು ಕೇಳಿದರು. ಒಂದೇ ಹಾಡು, ಸರದಿ ಪ್ರಕಾರ ಒಬ್ಬೊಬ್ಬರು ತಮಗೆ ತೋಚಿದಂತೆ ಬಾರಿಸುತ್ತಾರೆ ಎಂದೆ. ಹಾಗಾದರೆ ಒಬ್ಬನೇ ಸಾಕಿತ್ತು ಎಂದರು.

ಅದು ಜಾಝ್ ಎಂದು ತಿಳಿದದ್ದು ಮಗಳು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಸೇರಿ ಒಳ್ಳೆ ಫೋನ್ ಕೊಂಡ ಮೇಲೆ. ಫೋನನ್ನು ಟೇಪಿನ ಮುಂದೆ ಹಿಡಿದಳು, ಅದು ಹೇಳಿತು. ಕೇಳುವುದರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಆದರೆ ಮಗಳು ಅಷ್ಟಕ್ಕೇ ಬಿಡದೆ, ಕನ್ನಡದವರೇ ಸೇರಿಕೊಂಡ ಒಂದು ಜಾಝ್ ಗ್ರೂಪಿಗೆ ನನ್ನ ನಂಬರ್ ಹಾಕಿಸಿದಳು. ಅಲ್ಲಿ ಕಾಯಿದೆ ಉಂಟು: ಗುಡ್ ಮಾರ್ನಿಂಗ್ ಹೂವು ಹಾಕಬಾರದು, ದೇವರ ಫೋಟೋ ಹಾಕಬಾರದು, ಕೇಳದೇ ಇರುವುದನ್ನು ಹೊಗಳಬಾರದು. ಹೂವಿನ ಕಾಯಿದೆಯನ್ನು ನಾನು ಸೇರಿದ ಬೆಳಿಗ್ಗೆಯೇ ಮುರಿದೆ. ಗ್ರೂಪಿನ ಅಡ್ಮಿನ್, ಮೈಸೂರಿನ ಒಬ್ಬ ರಿಟೈರಾದ ಮೇಷ್ಟರು, ಹೂವು ಚೆನ್ನಾಗಿದೆಯಮ್ಮ, ಇನ್ನು ಬೇಡ ಎಂದು ಬರೆದರು.

ನನಗೆ ಟೈಪ್ ಮಾಡುವುದು ನಿಧಾನ. ಹಿತ್ತಲಿಗೆ ಹೋಗಿ, ಮಗ್ಗದ ಸದ್ದು ಬಾರದ ಹಾಗೆ ಬಚ್ಚಲ ಹಿಂದೆ ನಿಂತು, ವಾಯ್ಸ್ ಕಳಿಸುತ್ತೇನೆ. ಆದರೂ ಮಗ್ಗದ ಮನೆಯವರ ಗಂಟಲಲ್ಲವೇ, ಕೂಗಿಯೇ ಅಭ್ಯಾಸ. ನಾನು ಸದಾ ಸಿಟ್ಟಿನಲ್ಲಿರುತ್ತೇನೆ ಎಂದು ಅವರು ಬಹಳ ದಿನ ತಿಳಿದಿದ್ದರಂತೆ. ಅವರ ಜಗಳಗಳೆಂದರೆ ನನಗೆ ಇಷ್ಟ. ಹಳೇ ರೆಕಾರ್ಡಿನ ಕರಕರ ಸದ್ದು ಇರಬೇಕು ಎಂದು ಕೆಲವರು, ತೊಳೆದ ಹಾಗೆ ಇರಬೇಕು ಎಂದು ಕೆಲವರು. ಒಬ್ಬರ ಮುಖ ಒಬ್ಬರು ಕಂಡಿಲ್ಲ, ಆದರೂ ದಾಯಾದಿಗಳ ಹಾಗೆ ಕಿತ್ತಾಡಿ ಮಾರನೇ ದಿನ ಹೊಸ ಹಾಡು ಹಿಡಿದುಕೊಂಡು ಬರುತ್ತಾರೆ.

ಮಗುವಿಗೆ ಐದು ತಿಂಗಳು ತುಂಬಿತು. ಮಗಳ ರಜೆ ಮುಗಿಯುತ್ತಾ ಬಂತು. ಅವಳ ಗಂಡನ ಮನೆ ಕುಂದಾಣ. ಅವಳು ಶಿಫ್ಟಿಗೆ ಹೋದರೆ ಮಗುವನ್ನು ನೋಡಿಕೊಳ್ಳಬೇಕಾದವರು ಅವಳ ಅತ್ತೆ, ನನ್ನ ಬೀಗಿತ್ತಿ. ಮಗು ಅವರ ಹತ್ತಿರ ಮಲಗದಿದ್ದರೆ ಮಗಳು ಕೆಲಸ ಬಿಡಬೇಕು. ಬೇರೆ ದಾರಿ ಇರಲಿಲ್ಲ. ಇಲ್ಲೇ ಬಿಟ್ಟು ಹೋಗೆಂದು ನಾನು ಹೇಳಬಹುದಿತ್ತು, ಆದರೆ ಹಾಲು ಕುಡಿಯುವ ಮಗು ತಾಯಿ ಮಲಗುವ ಮನೆಯಲ್ಲಿರಬೇಕು. ಅದೂ ಅಲ್ಲದೆ ಬೀಗಿತ್ತಿಯೂ ಅಜ್ಜಿಯೇ. ಮಗಳು ಬಾಣಂತಿ ಕೋಣೆಯಲ್ಲಿ ಕೂತು ಫ್ಯಾಕ್ಟರಿಯ ಐಡಿ ಕಾರ್ಡನ್ನು ಸೆರಗಿನಿಂದ ಒರೆಸಿ ಒರೆಸಿ ಇಡುತ್ತಿದ್ದಳು.

ಮಡಿಲು ತುಂಬಿ, ತಾಯಿ ಮಗುವನ್ನು ಕುಂದಾಣಕ್ಕೆ ಬಿಡಲು ನಾನೇ ಹೋದೆ. ಹೋದವಳು ಕೆಲವು ದಿನ ಉಳಿದುಕೊಂಡೆ.

ಬೀಗಿತ್ತಿಯ ಮನೆ ಹೊಲದ ನಡುವೆ ಒಂಟಿಯಾಗಿದೆ. ಅಲ್ಲಿ ಸದ್ದೇ ಇಲ್ಲ. ನಮ್ಮನೇಲಿ ಇರುವೆ ಹರಿದ್ರೂ ಕೇಳ್ತದೆ ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ಅವರಿಗೂ ಹೆಮ್ಮೆಪಡಲು ಒಂದು ಬೇಕಲ್ಲ. ಹೋದ ದಿನ ಮಧ್ಯಾಹ್ನ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಮಗುವನ್ನು ಮಲಗಿಸಿದೆವು. ಮಗು ಕಣ್ಣು ಬಿಟ್ಟು ಸೂರು ನೋಡಿತು, ಆ ಕಡೆ ಈ ಕಡೆ ನೋಡಿತು, ಅಳತೊಡಗಿತು. ಬೀಗಿತ್ತಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಕಿಟಕಿ ಮುಚ್ಚಿದರು. ಕೋಳಿಗಳನ್ನು ಬುಟ್ಟಿಯಡಿ ಕವುಚಿದರು. ಅಳಿಯನಿಗೆ ಬೈಕನ್ನು ರಸ್ತೆವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡು ಎಂದರು. ಮನೆ ಸ್ತಬ್ಧವಾದಷ್ಟೂ ಮಗು ಜೋರಾಯಿತು.

"ನಿಮ್ಮನೆ ಗಲಾಟೆಗೆ ಮಗು ಬೆದರ್ಬಿಟ್ಟೈತೆ ಕಣಕ್ಕ," ಎಂದರು ಬೀಗಿತ್ತಿ. "ಆ ಬೆದರಿಕೆ ಇಳೀಬೇಕು. ಇಲ್ಲಿ ತಣ್ಣಗೆ ಇದ್ರೆ ತಾನೇ ಇಳೀತದೆ."

ಬೆದರಿರುವುದು ತಣ್ಣಗಿರುವುದಕ್ಕೇ ಎಂದು ಬೀಗರ ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ. ದನದ ಕೊಟ್ಟಿಗೆಯ ಹಿಂದೆ ಹೋಗಿ ಗ್ರೂಪಿಗೆ ವಾಯ್ಸ್ ಕಳಿಸಿದೆ: ಐದು ತಿಂಗಳ ಕೂಸು ಮಲಗಬೇಕು, ಮಲಗದಿದ್ದರೆ ನನ್ನ ಮಗಳ ಕೆಲಸ ಹೋಗುತ್ತದೆ, ಯಾವ ಹಾಡು ಹಾಕಲಿ.

ಆ ಗ್ರೂಪ್ ಅಷ್ಟು ಒಗ್ಗಟ್ಟಾಗಿದ್ದನ್ನು ನಾನು ನೋಡಿರಲಿಲ್ಲ. ಎಲ್ಲರೂ ಮೆತ್ತಗಿನವನ್ನೇ ಕಳಿಸಿದರು. ಪಿಯಾನೋವನ್ನು ಮುಟ್ಟಿದರೆ ಎಲ್ಲಿ ಎಚ್ಚರವಾಗುತ್ತದೋ ಎಂಬಂತೆ ಬಾರಿಸಿದ್ದು, ಸ್ಯಾಕ್ಸೋಫೋನಿನಲ್ಲಿ ಉಸಿರು ಮಾತ್ರ ಕೇಳುವಂಥದ್ದು. ದುಬೈನಲ್ಲಿ ನರ್ಸ್ ಆಗಿರುವ ಒಬ್ಬಳು ತಾನು ಡ್ಯೂಟಿ ಮುಗಿಸಿ ಮಲಗುವಾಗ ಕೇಳುವುದನ್ನೇ ಕಳಿಸಿದಳು. ಒಂದೊಂದನ್ನೂ ಮಗುವಿಗೆ ಕೇಳಿಸಿದೆ. ಮಗು ಅಳು ನಿಲ್ಲಿಸಿ, ಕಣ್ಣರಳಿಸಿ, ಪ್ರತಿಯೊಂದನ್ನೂ ಕೊನೆಯವರೆಗೆ ಕೇಳಿತು. ಮುಗಿದ ಮೇಲೆ ಮತ್ತೆ ಅತ್ತಿತು. ಅಂಥ ಕೇಳುಗರು ಆ ಗ್ರೂಪಿನಲ್ಲೂ ಇಲ್ಲ. ತೊಂದರೆಯೇ ಅದು.

ಆಮೇಲೆ ಯಜಮಾನರಿಗೆ ಫೋನ್ ಮಾಡಿ, ಮೂರು ಮಗ್ಗ ಓಡುವುದನ್ನು ರೆಕಾರ್ಡ್ ಮಾಡಿ ಕಳಿಸಿ ಎಂದೆ. ಕಳಿಸಿದರು. ಇವಳು ಇದಕ್ಕೆ ಮಲಗುವವಳು ಎಂದು ತಿಳಿಸಲು ಅದನ್ನು ಗ್ರೂಪಿಗೂ ಹಾಕಿದೆ. ಆ ಮಾತನ್ನು ಹೇಳುವ ಮುಂಚೆ ಮಗು ಅತ್ತಿತು, ಫೋನ್ ಇಟ್ಟು ಹೋದೆ. ವಾಪಸ್ಸು ಬಂದು ನೋಡಿದರೆ ಚರ್ಚೆ ಬಹಳ ಮುಂದೆ ಹೋಗಿತ್ತು. ಇಷ್ಟು ಬಿಗಿಯಾದ ಡ್ರಮ್ ಕೇಳಿ ಎಷ್ಟೋ ಕಾಲವಾಯಿತು ಎಂದು ಒಬ್ಬರು. ಒಬ್ಬನೇ ಅಲ್ಲ, ಮೂವರು ಬಾರಿಸುತ್ತಿದ್ದಾರೆ ಎಂದು ಇನ್ನೊಬ್ಬರು. ಆ ಮೂರನೆಯವನು ಬೇಕೆಂದೇ ಕೂದಲೆಳೆಯಷ್ಟು ತಡವಾಗಿ ಬರುತ್ತಾನಲ್ಲ, ಸೊಗಸಿರುವುದು ಅಲ್ಲೇ ಎಂದು ಮೇಷ್ಟರು. ಯಾರಮ್ಮ ಇದು ಎಂದು ಕೇಳಿದ್ದರು. ನಮ್ಮ ಯಜಮಾನರು ಎಂದೆ. ಡ್ರಮ್ ಬಾರಿಸುತ್ತಾರಾ ಎಂದರು. ಇಲ್ಲ, ಸೀರೆ ನೇಯುತ್ತಾರೆ ಎಂದೆ.

ಯಜಮಾನರಿಗೆ ಇದನ್ನು ಹೇಳಿದೆ.

"ತಡವಾಗಿ ಬರೋದು ಕಿಟಕಿ ಪಕ್ಕದ್ದು," ಎಂದರು. "ಬೆಲ್ಟ್ ಸಡ್ಲ ಆಗೈತೆ. ನಾಳೆ ಬಿಗಿ ಮಾಡೋಣ ಅಂತಿದ್ದೆ. ಚೆನ್ನಾಗೈತೆ ಅಂದ್ರಾ?"

"ಅಂದ್ರು."

"ಹಂಗಾದ್ರೆ ಇರ್ಲಿ ಬಿಡು."

ಆದರೆ ಫೋನಿನಲ್ಲಿ ಬಂದ ಮಗ್ಗಕ್ಕೂ ಮಗು ಮಲಗಲಿಲ್ಲ. ಮಗ್ಗ ಎಲ್ಲಿದೆ ಎಂದು ಹುಡುಕಿತು, ಕಾಣದೆ ಇನ್ನೂ ಹೆಚ್ಚು ಅತ್ತಿತು. ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಕಾರ್ಡು ಅವಳ ಕೈಯಲ್ಲಿತ್ತು, ಅದನ್ನು ಬೀರುವಿನೊಳಗೆ, ಸೀರೆಗಳ ಅಡಿಯಲ್ಲಿ ಇಟ್ಟಳು.

ಗ್ರೂಪಿನಲ್ಲಿ ಹೊಸಕೋಟೆಯ ಸಾಬರೊಬ್ಬರಿದ್ದಾರೆ. ಮದುವೆ ಮನೆಗಳಿಗೆ ಸೌಂಡ್ ಸೆಟ್ ಹಾಕುವುದು ಅವರ ಕಸುಬು. ಸದಾ ಕೇಳುತ್ತಾರೆ, ಮಾತು ಕಡಿಮೆ. ಅವರ ವಾಯ್ಸ್ ಬಂತು.

"ಫೋನಲ್ಲಿ ಬೇಸ್ ಎಲ್ಲಿರ್ತದಮ್ಮ? ಬೇಸ್ ಅನ್ನೋದು ಕಿವಿಗೆ ಬರೋದಲ್ಲ, ನೆಲದಿಂದ ಮೈಗೆ ಬರ್ತದೆ. ನಿಮ್ಮ ಮಗು ಸದ್ದಿಗೆ ಮಲಗ್ತಿರಲಿಲ್ಲ, ನಡುಕಕ್ಕೆ ಮಲಗ್ತಿತ್ತು. ದೊಡ್ಡ ಬಾಕ್ಸ್ ಇದ್ರೆ ಮಂಚದ ಕಾಲಿಗೆ ಒರಗ್ಸಿ ನೋಡಿ."

ಬಾಕ್ಸ್ ಇತ್ತು. ನನ್ನ ಟೇಪಿನದೇ, ಮಗ್ಗದ ಮನೆಯಲ್ಲಿ. ಮಾರನೇ ದಿನ ಯಜಮಾನರು ಅದನ್ನು ಟೇಪಿನ ಸಮೇತ ಹಳೇ ಸೀರೆಯಲ್ಲಿ ಗಂಟು ಕಟ್ಟಿ, ಮೊಪೆಡ್ಡಿನ ಮೇಲೆ ಹೇರಿಕೊಂಡು ಕುಂದಾಣಕ್ಕೆ ಬಂದರು. ಫೋನನ್ನು ಅದಕ್ಕೆ ಸೇರಿಸುವ ತಂತಿ ಇರಲಿಲ್ಲ, ಹಾಗಾಗಿ ಮಗ್ಗದ ರೆಕಾರ್ಡ್ ಹಾಕಲಾಗಲಿಲ್ಲ. ಟೇಪಿನೊಳಗೆ ನನ್ನ ಕ್ಯಾಸೆಟ್ ಇತ್ತು. ಬಾಕ್ಸನ್ನು ಮಂಚದ ಕಾಲಿಗೆ ಒರಗಿಸಿ, ಮಗುವನ್ನು ಮಂಚದ ಮೇಲೆ ಮಲಗಿಸಿ ಅದನ್ನೇ ಹಾಕಿದೆವು. ಬೀಗಿತ್ತಿ ಬಾಕ್ಸನ್ನು ನೋಡಿದರು, ನನ್ನನ್ನು ನೋಡಿದರು, ಬೀಗರಿಗೆ ಕಾಫಿ ತರಲು ಒಳಗೆ ಹೋದರು.

ಕಹಳೆ ಊದಿತು. ಮಗು ಅಳುತ್ತಲೇ ಇತ್ತು. ಆಮೇಲೆ ಕೆಳಗಿನಿಂದ ಬೇಸ್ ಬಾರಿಸುವ ಆ ದಪ್ಪ ತಂತಿಯವನು ಶುರು ಮಾಡಿದ. ಮರದ ಮಂಚ ಸಣ್ಣಗೆ ನಡುಗಿತು. ಮಂಚದ ಮೇಲಿಟ್ಟಿದ್ದ ಲೋಟದ ನೀರಿನಲ್ಲಿ ಉಂಗುರ ಎದ್ದಿತು. ಮಗು ಅಳುವುದನ್ನು ನಡುವೆ ಮರೆಯಿತು. ರೆಪ್ಪೆ ಭಾರವಾಯಿತು. ಎರಡನೆಯವನ ಸರದಿ ಬರುವುದರೊಳಗೆ ಬಾಯಿ ತೆರೆದುಕೊಂಡು ಮಲಗಿತ್ತು. ನನ್ನ ಮೊಮ್ಮಗಳು ಬಾಯಿ ತೆರೆದು ಮಲಗಿದರೆ ಎಷ್ಟು ಚೆಂದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಜಾಗ ಸಾಲದು.

ಬೀಗಿತ್ತಿ ಕಾಫಿ ಹಿಡಿದುಕೊಂಡು ಬಂದರು. "ಮಲಗ್ತಲ್ಲ, ಇನ್ಯಾಕೆ ಈ ರಂಪ," ಎಂದು ಬಗ್ಗಿ ಟೇಪ್ ಆಫ್ ಮಾಡಿದರು. ಮನೆ ತಣ್ಣಗಾಯಿತು. ಮಗು ಕಣ್ಣು ಬಿಟ್ಟು ಅತ್ತಿತು. ಬೀಗಿತ್ತಿ ಬಗ್ಗಿದ್ದವರು ಬಗ್ಗಿದ ಹಾಗೇ ಇದ್ದು, ತಾವೇ ಮತ್ತೆ ಆನ್ ಮಾಡಿದರು. ಮಗು ಮಲಗಿತು. ಎಲ್ಲರೂ ಕಾಫಿ ಕುಡಿದೆವು. ಮಗಳು ಎದ್ದು ಹೋಗಿ ಬೀರು ತೆರೆದ ಸದ್ದು ಕೇಳಿಸಿತು.

ಸೋಮವಾರ ಅವಳು ಫ್ಯಾಕ್ಟರಿ ಬಸ್ ಹತ್ತಿದಳು. ನಾನು ಊರಿಗೆ ಬಂದೆ. ಬಾಕ್ಸ್ ಬರಲಿಲ್ಲ.

ಸ್ವಲ್ಪ ದಿನ ಕಳೆದು ಬೀಗಿತ್ತಿಯ ಫೋನ್ ಬಂತು. ಮಗು ಹೇಗಿದೆ ಎಂದು ನಾನು ಕೇಳುವ ಮುಂಚೆ ಅವರೇ ಶುರು ಮಾಡಿದರು. "ಅಕ್ಕ, ಅದ್ರಲ್ಲಿ ಕಹಳೆಯವ್ನು ಊದ್ತಾ ಊದ್ತಾ ಮಧ್ಯದಲ್ಲಿ ಬಿಟ್ಟೋಯ್ತಾನಲ್ಲ, ಅವ್ನು ವಾಪಸ್ ಬರೋಗಂಟ ನಂಗೆ ಕೈಕಾಲೇ ಆಡಲ್ಲ. ಎಲ್ಲಿಗೆ ಹೋಯ್ತಾನೆ?"

"ಎಲ್ಲೂ ಹೋಗಲ್ಲ ಅಕ್ಕ. ಅಲ್ಲೇ ನಿಂತು ಮಿಕ್ಕೋರನ್ನ ಕೇಳ್ತಿರ್ತಾನೆ."

"ಹಂಗಾ," ಎಂದರು. ಅವರಿಗೆ ಸಮಾಧಾನವಾದಂತೆ ಕಂಡಿತು. ಆಮೇಲೆ ಆ ಗ್ರೂಪಿಗೆ ತಮ್ಮನ್ನೂ ಸೇರಿಸಲು ಹೇಳಿದರು. ಸೇರಿಸಿದೆ. ಮಾರನೇ ಬೆಳಿಗ್ಗೆ ಅವರು ಹೂವನ್ನೂ ದೇವರ ಫೋಟೋವನ್ನೂ ಒಟ್ಟಿಗೇ ಹಾಕಿದರು. ಇವರು ನಿಮ್ಮ ಕಡೆಯವರಾ ಎಂದು ಮೇಷ್ಟರು ನನ್ನನ್ನು ಬೇರೆಯಾಗಿ ಕೇಳಿದರು. ನಮ್ಮ ಬೀಗರು ಎಂದೆ.

ಮೊನ್ನೆ ಬೀಗಿತ್ತಿ ಗ್ರೂಪಿಗೆ ಒಂದು ವಾಯ್ಸ್ ಹಾಕಿದರು. ಮಾತಿಲ್ಲ. ಟೇಪು ಓಡುತ್ತಿದೆ, ಹೊರಗೆ ಕೋಳಿ ಕೂಗುತ್ತಿದೆ, ಕಹಳೆಯವನು ಬಿಟ್ಟ ಜಾಗದಲ್ಲಿ ಮಗುವಿನ ಉಸಿರು ಕೇಳುತ್ತಿದೆ. ಅದನ್ನು ಮಗ್ಗದ ಮನೆಯಲ್ಲಿ ಕೂತು ಹಾಕಿಕೊಂಡೆ. ಮಗ್ಗದ ಸದ್ದಿಗೆ ಏನೂ ಕೇಳಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಗಿ ಮೂರೂ ಮಗ್ಗ ನಿಂತವು. ಕಿಟಕಿ ಪಕ್ಕದ್ದು ಎಂದಿನಂತೆ ಸ್ವಲ್ಪ ತಡವಾಗಿ. ಫೋನನ್ನು ಕಿವಿಗೆ ಹಿಡಿದೆ. ಯಜಮಾನರೂ ಪಕ್ಕಕ್ಕೆ ಬಂದು ಕಿವಿ ಕೊಟ್ಟರು.

ಎದುರು ಮನೆಯಾಕೆ ಬಾಗಿಲಿಗೆ ಬಂದು, ಕರೆಂಟ್ ಹೋಯ್ತಾ, ನಿಮ್ಮನೇಲಿ ಯಾರೂ ಅಳ್ಲಿಲ್ಲ ಎಂದು ಕೂಗಿದರು.

ಮಗು ಮಲಗಿದೆ, ಮೆಲ್ಲಗೆ ಮಾತಾಡಿ ಎಂದೆ.