ಗುರಮ್ಮನ ಮನಿಗೆ ಒಯ್ದ ಬುತ್ತಿ

ಹತ್ರ ಬರ್ರಿ, ಗ್ವಾಡಿಗೂ ಕಿವಿ ಇರ್ತಾವ. ನಿಮ್ಮ ಕೊರಳಾಗಿನ ಲಿಂಗದ ಆಣಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.

ಸೊನ್ನದಾಗ ಭೀಮಾ ಹೊಳಿಗೆ ಇನ್ನೂ ಬ್ಯಾರೇಜ್ ಇಲ್ಲದ ಕಾಲ. ಆಳಂದದಿಂದ ಕರಜಗಿಗೆ ಬರೂ ಬಸ್ಸಿನಾಗ ಬಾಜೂಮನಿ ಗುರಮ್ಮನ ಮಗಳು ನೀಲಾ ನನ್ನ ಮಗ್ಗಲಕ ಕುಂತಿದ್ಲು. ಮುಂಬಯಿದಾಗ ದೊಡ್ಡ ವಿಜ್ಞಾನಿ, ಲಗ್ನ ಮಾತ್ರ ಆಗಿದ್ದಿಲ್ಲ. ಅತ್ತು ಅತ್ತು ಕಣ್ಣು ಬಾತಿದ್ವು.

"ಏನಾತು ಬೇ?" ಅಂದೆ.

"ಎಷ್ಟೋ ವರ್ಷ ಕಾದಮ್ಯಾಲೆ ಕೈಗೆ ಬಂದಿತ್ತು, ದೊಡ್ಡವ್ವ. ಯಾವುದೂ ತಾಗದಂಗ ಜ್ವಾಕಿ ಮಾಡಿದ್ದೆ. ಕಣ್ಣು ಮುಚ್ಚಿ ತೆಗಿಯೂದ್ರಾಗ ಹೋತು."

ಮುಂದ ಏನೇನೋ ಹೇಳಿದ್ಲು, ನನ್ನ ಕಿವಿ ಅಷ್ಟಕ್ಕ ತುಂಬಿತ್ತು. ಲಗ್ನಿಲ್ಲದಾಕಿಗೆ ಕೂಸು! ಬಸ್ ಇಳದು ನಾ ಇಬ್ಬರಿಗಷ್ಟ ಹೇಳಿದೆ.

ಸಾವಿನ ಮನ್ಯಾಗ ಒಲಿ ಹಚ್ಚಂಗಿಲ್ಲಲ್ಲ, ಮರುದಿನ ರೊಟ್ಟಿ-ಬ್ಯಾಳಿ ಬುತ್ತಿ ಕಟಗೊಂಡು ಹೋದೆ. ಒಳಗ ಇಣಕಿ ನೋಡಿದಂಗೂ ಆಗ್ತದ. ನೀಲಾ ಗ್ವಾಡಿಗೆ ಮುಖ ಮಾಡಿ ಮಲಗಿದ್ಲು. "ಕೂಸಿನ ಸುದ್ದಿ ಕೇಳಿ ಕಳ್ಳು ಚುರ್ ಅಂತು," ಅಂದೆ.

ಬಾಗಲದಾಗ ನಿಂತ ಗುರಮ್ಮ ನನ್ನ ಮುಖಕ್ಕ ಅಂದ್ಲು:

"ಕೂಸಲ್ಲ ಬೇ, ಆಕಿ ಪ್ರಯೋಗಶಾಲ್ಯಾಗ ಹಿಡಿದಿಟ್ಟಿದ್ದ ಪ್ರತಿವಸ್ತು ಅಂತ, ಆಂಟಿಮ್ಯಾಟರ್. ನಮ್ಮ ಲೋಕದ್ದು ಏನು ತಾಗಿದ್ರೂ ಎರಡೂ ಇಲ್ಲದಂಗಾಗ್ತಾವಂತ. ಈಗ ಆ ಕೆಲಸನೂ ಬಂದ್ ಮಾಡ್ಯಾರ. ಕೂಸಾಗಿದ್ರ ಮತ್ತೊಂದು ಹಡೀತಿದ್ಲು. ನಿನ್ನ ನಾಲಿಗಿಗೆ ಹುಳ ಬೀಳಲಿ, ಬುತ್ತಿ ಮಾತ್ರ ಇಟ್ಟು ಹೋಗು. ಆಕಿ ಬಂದಾಗಿಂದ ಒಲಿ ಹಚ್ಚಿಲ್ಲ."