ಗುರಪ್ಪನ ಬಲಗೈ ಮತ್ತು ಆಸ್ಪತ್ರೆಯ ಚಾದರ

ದೇವಾಪುರದ ಗುರಪ್ಪ ನನ್ನ ಸೋದರಮಾವ. ಕಾಲುವೆಗೆ ನೀರು ಬಂದ ಮೇಲೆ ಊರೆಲ್ಲ ಭತ್ತದ ಹಿಂದೆ ಬಿದ್ದರೆ ಇವನು ಮೀನಿನ ಹಿಂದೆ ಬಿದ್ದ. ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಬಲಗೈ ಮೇಲೆತ್ತಿ, ಕುತ್ತಿಗೆ ಹೊರಳಿಸಿ ಬೀಸಿದನೆಂದರೆ ಬಲೆ ನೀರಿನ ಮೇಲೆ ಗುಂಡಗೆ ಬೀಳುತ್ತಿತ್ತು. ನೋಡಿದವರಿಗೆಲ್ಲ ಹೊಟ್ಟೆಕಿಚ್ಚು, ನನಗೂ.

ಒಂದು ವರ್ಷ ಆ ಕೈ ಜೋಮು ಹಿಡಿಯತೊಡಗಿತು. ಬಲೆ ಮುದ್ದೆಯಾಗಿ ಬೀಳತೊಡಗಿತು. ಡಾಕ್ಟರೊಬ್ಬರು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕೊಯ್ದು ಬಿಡಿಸೋಣ ಎಂದರು. ಕೈ ಹೋದರೆ ತನ್ನ ಗತಿಯೇನು ಎಂದು ಮಾವ ಅತ್ತೇಬಿಟ್ಟ. ಇನ್ನೊಬ್ಬ ಡಾಕ್ಟರನ್ನೂ ಕೇಳೋಣವೆಂದು ನಾನೇ ಅವನನ್ನು ಗುಲ್ಬರ್ಗಾಕ್ಕೆ ಕರೆದೊಯ್ದೆ.

ಅಲ್ಲಿನ ಡಾಕ್ಟರಮ್ಮ ಕೇಳಿದರು: "ಏನ್ ಕೆಲಸ ಮಾಡ್ತೀರಿ?"

"ಕೂಲಿರಿ."

ಪರವಾನಗಿ ಇಲ್ಲದೆ ಕಾಲುವೆ ಮೀನು ಹಿಡಿಯುವ ಮಾವ, ಚೀಟಿ ಕಂಡಲ್ಲೆಲ್ಲ ಕೂಲಿ ಎಂದೇ ಬರೆಸುತ್ತಿದ್ದ. ನರದ ಪರೀಕ್ಷೆಯಲ್ಲಿ ಮಣಿಕಟ್ಟು ಸರಿಯಾಗಿಯೇ ಇತ್ತು. ಡಾಕ್ಟರಮ್ಮನಿಗೆ ಏನೂ ತೋಚಲಿಲ್ಲ.

ಜೊತೆಗೆ ಬಂದಿದ್ದ ಅತ್ತೆ ಹಣಮಂತಮ್ಮನಿಗೆ ರೇಗಿತು. "ಸುಳ್ಳು ಹೇಳಾಕತ್ತಾರ್ರಿ! ಇವ್ರು ಬಲಿ ಬೀಸ್ತಾರ್ರಿ!" ಎಂದವಳೇ ಹಾಸಿಗೆಯ ಚಾದರ ಎಳೆದು ಗಂಡನ ಕೈಗಿಟ್ಟಳು. "ಬೀಸಿ ತೋರಸ್ರಿ."

ಮಾವ ನಾಚುತ್ತಲೇ ಚಾದರ ಕಚ್ಚಿ, ಕೈ ಎತ್ತಿ, ಕುತ್ತಿಗೆ ಹೊರಳಿಸಿದ. ಡಾಕ್ಟರಮ್ಮ ಅವನ ಮಣಿಕಟ್ಟು ಹಿಡಿದರು. "ಹಂಗೇ ನಿಲ್ರಿ. ನಾಡೀನೇ ಸಿಗವಲ್ದು!"

ಕುತ್ತಿಗೆಯ ಎಕ್ಸರೇಯಲ್ಲಿ ಕಾರಣ ಸಿಕ್ಕಿತು. ಕುತ್ತಿಗೆಯ ಬುಡದಲ್ಲಿ ಹುಟ್ಟಿನಿಂದಲೇ ಒಂದು ಪಕ್ಕೆಲುಬು ಹೆಚ್ಚಿಗೆ ಇತ್ತು. ಕೈ ಎತ್ತಿದಾಗ ಅದು ನರವನ್ನೂ ರಕ್ತನಾಳವನ್ನೂ ಒತ್ತುತ್ತಿತ್ತು.

"ಆ ಎಲುಬು ತೆಗೀಬಹುದು," ಎಂದರು ಡಾಕ್ಟರಮ್ಮ. "ಆದ್ರ ಅದರ ಮಗ್ಗಲದಾಗೇ ಶ್ವಾಸಕೋಶ ಅದ, ನರ ಅದಾವ. ಮೊದಲ ಮೂರು ತಿಂಗಳು ಬಲಿ ಬಿಟ್ಟು ವ್ಯಾಯಾಮ ಮಾಡ್ರಿ. ಹೆಬ್ಬೆರಳಿನ ಬುಡದ ಮಾಂಸ ಸೊರಗಿದ್ರ ನರ ಕೆಡಾಕತ್ತದ ಅಂತ ಅರ್ಥ, ಆಗ ಮಾತ್ರ ತಡಾ ಮಾಡಬ್ಯಾಡ್ರಿ, ಆಪರೇಷನ್ನೇ ಮಾಡೂಣು."

ದಿನಾ ಮಾವ ವ್ಯಾಯಾಮ ಮುಗಿಸಿದ ಮೇಲೆ, ಊಟಕ್ಕೆ ಮುಂಚೆ, ಅತ್ತೆ ಅವನ ಎರಡೂ ಹೆಬ್ಬೆರಳಿನ ಬುಡ ಚಿವುಟಿ ನೋಡುತ್ತಿದ್ದಳು. ಎರಡೂ ಒಂದೇ ಸಮ ಇದ್ದ ದಿನ ಒಂದು ರೊಟ್ಟಿ ಹೆಚ್ಚಿಗೆ ಬೀಳುತ್ತಿತ್ತು. ಮಾವ ಸ್ವಲ್ಪ ದಪ್ಪಗೂ ಆದ.

ಮೂರು ತಿಂಗಳ ಮೇಲೆ ಮಾವ ಬಲೆಯನ್ನೇ ಹೊತ್ತು ಆಸ್ಪತ್ರೆಗೆ ಬಂದ. ವಾರ್ಡೆಲ್ಲ ಮೀನಿನ ವಾಸನೆ. ಅಂಚು ಕಚ್ಚಿ ಕೈ ಎತ್ತಿದ. ಡಾಕ್ಟರಮ್ಮ ನಾಡಿ ಹಿಡಿದು ಗಡಿಯಾರ ನೋಡಿದರು.

"ನಾಡಿ ಚಲೋ ಹೊಡ್ಯಾಕತ್ತದ," ಎಂದರು. "ಸದ್ಯಕ್ಕ ಆಪರೇಷನ್ ಬ್ಯಾಡ." ಆಮೇಲೆ ಪೆನ್ನು ತೆಗೆದು, "ಚೀಟಿಯಾಗ ಕೂಲಿ ಅಂತೇ ಇರ್ಲೇನ್ರಿ?" ಎಂದು ಕೇಳಿದರು.

ಮಾವ ಬಾಯಿಂದ ಬಲೆ ತೆಗೆದ. "ಬ್ಯಾಡ್ರಿ. ಬಲಿ ಬೀಸಾವ ಅಂತ ಬರೀರಿ."