ಗೋಡೆಯಾಚೆಯ ಕರಿ ಕೋಳಿ

ಮೊನ್ನೆ ಮಂಡ್ಯದ ಅಂಗಡಿಯೊಂದರಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಬಾಟಲಿಗೆ ಹರಳೆಣ್ಣೆ ಹಾಕಿಸಿಕೊಳ್ಳುತ್ತಿದ್ದಳು. ಆ ಮಂದವಾದ, ಕಮಟು ವಾಸನೆ ಮೂಗಿಗೆ ಬಡಿದಿದ್ದೇ ತಡ, ನಾನು ಏನು ಕೊಳ್ಳಲು ಬಂದಿದ್ದೆ ಅನ್ನುವುದೇ ಮರೆತುಹೋಯಿತು. ಭಾರತೀನಗರದ ಆ ಬಾಡಿಗೆ ಮನೆ, ಹಿತ್ತಲಿನ ಎದೆಮಟ್ಟದ ಗೋಡೆ, ಗೋಡೆಯಾಚೆ ಟವೆಲ್ಲಿನಲ್ಲಿ ಕೋಳಿ ಸುತ್ತಿಕೊಂಡು ನಿಂತಿದ್ದ ಪಕ್ಕದ ಮನೆಯ ಯಜಮಾನರು...

ಅಲ್ಲಿನ ಕಾಲೇಜಿಗೆ ಪಾಠ ಹೇಳಲು ಹೋದಾಗ ಊರಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ. ಸಂಜೆ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ತರಗತಿಗೆ ಹೋಗುವವರೆಗೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಕಿವಿಗೆ ಬೀಳುತ್ತಿದ್ದದ್ದು ಪಕ್ಕದ ಮನೆಯ ಅಮ್ಮನ ದನಿ ಒಂದೇ. ನೆಂಟರು ಯಾರೋ ಬಂದಿರಬೇಕು ಎಂದುಕೊಂಡಿದ್ದೆ. ಆಮೇಲೆ ನೋಡಿದರೆ ಅವರು ಮಾತಾಡುತ್ತಿದ್ದದ್ದು ತಾವು ಸಾಕಿದ ಕೋಳಿಗಳ ಜೊತೆ. ನುಚ್ಚು ಎರಚುತ್ತಾ, ಗೂಡು ಗುಡಿಸುತ್ತಾ ಅವರ ಮಾತು ನಡೆದೇ ಇರುತ್ತಿತ್ತು. ನಾನು ಈಚೆ ಬಟ್ಟೆ ಒಗೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಆ ಮಾತು ನನಗೂ ಒಂದು ಜೊತೆಯಾಗಿತ್ತು.

ಅವರ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಕಡೆ ದುಡಿದು ನಿವೃತ್ತರಾಗಿದ್ದರು. ಯಂತ್ರದ ಸದ್ದಿನಲ್ಲಿ ಆಡಿದ ಮಾತು ಯಾರಿಗೂ ಕೇಳದೆ ಮಾತನ್ನೇ ಬಿಟ್ಟುಬಿಟ್ಟರೋ ಏನೋ... ಮಕ್ಕಳಿರಲಿಲ್ಲ. ಆ ಅಮ್ಮ ಅವರನ್ನು ಯಜಮಾನ್ರು ಅನ್ನುತ್ತಿದ್ದರು. ನನಗೂ ಅವರು ಯಜಮಾನರೇ ಆದರು. ಎದುರಿಗೆ ಸಿಕ್ಕರೆ ತಲೆಯಾಡಿಸಿ ಹೋಗುತ್ತಿದ್ದರು, ಅಷ್ಟೇ.

ಮಳೆಗಾಲದ ಕೊನೆಯಲ್ಲಿ ಆ ಅಮ್ಮ ಜ್ವರ ಬಂದು ತೀರಿಕೊಂಡರು. ತಿಥಿಗೆ ಬಂದಿದ್ದ ಹನಕೆರೆಯ ನೆಂಟರು ವಾಪಸ್ಸು ಹೋಗುವಾಗ ಕೋಳಿಗಳನ್ನೆಲ್ಲ ಮಂಕರಿಗೆ ತುಂಬಿಕೊಂಡು ಹೋದರು. ಯಜಮಾನರು ಬೇಡ ಅನ್ನಲಿಲ್ಲ. ಒಂದು ಕರಿ ಕೋಳಿ ಮಾತ್ರ ನುಗ್ಗೆಮರ ಹತ್ತಿ ಕೂತು ಯಾರ ಕೈಗೂ ಸಿಗಲಿಲ್ಲ. ಆಮೇಲೆ ಗೋಡೆಯಾಚೆ ಸದ್ದೇ ಇರಲಿಲ್ಲ. ಯಜಮಾನರು ಒಂದು ಹಿಡಿ ನುಚ್ಚು ಎಸೆದು ಒಳಗೆ ಹೋಗುತ್ತಿದ್ದರು. ಕೋಳಿ ಒಂದೇ ಹಿತ್ತಲೆಲ್ಲ ಕೆದಕುತ್ತಾ ಓಡಾಡಿಕೊಂಡಿರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅವರು ಗೋಡೆಯ ಹತ್ತಿರ ಬಂದು ನಿಂತರು. ಕಂಕುಳಲ್ಲಿ ಟವೆಲ್ ಸುತ್ತಿದ ಕೋಳಿ ಇತ್ತು. ಗರಿ ಕೆದರಿಕೊಂಡು ಕಣ್ಣು ಮುಚ್ಚಿತ್ತು.

"ಮೇಡಮ್ನೋರೆ, ಕೋಳಿಗೆ ಉಸಾರಿಲ್ದಾಗ ಇವ್ಳು ಏನ್ ಮಾಡೋಳು? ನೀವೇನಾರ ನೋಡಿದ್ರಾ?"

ಅದು ಅವರು ನನ್ನೊಡನೆ ಆಡಿದ ಮೊದಲ ಮಾತು. ನನಗೂ ಕೋಳಿಯ ವಿಷಯ ಏನೂ ತಿಳಿಯದು. ಮುಟ್ಟಿ ನೋಡಿದರೆ ಕುತ್ತಿಗೆಯ ಬುಡದಲ್ಲಿ ತಿಂದ ಕಾಳು ಇಳಿಯದೆ ಗಟ್ಟಿ ಉಂಡೆಯಾಗಿ ನಿಂತಿತ್ತು. ದನದ ಆಸ್ಪತ್ರೆಗೆ ಅವತ್ತು ರಜೆ. ಆ ಅಮ್ಮ ಹಿಂದೊಮ್ಮೆ ಹೀಗೇ ಆದ ಕೋಳಿಗೆ ಕಾಳು ಹಾಕದೆ, ಹರಳೆಣ್ಣೆಯಲ್ಲಿ ಬತ್ತಿ ಅದ್ದಿ ಕೊಕ್ಕಿನೊಳಗೆ ಹನಿಸಿ, ಆ ಉಂಡೆಯನ್ನು ಮೆಲ್ಲಗೆ ನೀವುತ್ತಿದ್ದದ್ದು ನನಗೆ ನೆನಪಿಗೆ ಬಂತು. ಗೋಡೆ ಸುತ್ತಿ ಅವರ ಹಿತ್ತಲಿಗೆ ಹೋದೆ. ಹೆಂಡತಿ ಎಣ್ಣೆ ಎಲ್ಲಿಟ್ಟಿದ್ದಳೆಂದು ಹುಡುಕಲು ಯಜಮಾನರಿಗೆ ಬಹಳ ಹೊತ್ತು ಹಿಡಿಯಿತು.

ನಾನು ಕೊಕ್ಕು ಬಿಡಿಸಿ ಹಿಡಿದೆ, ಅವರು ಎಣ್ಣೆ ಬಿಟ್ಟರು. ಕೋಳಿ ತಲೆ ಕೊಡವಿತು, ಎಣ್ಣೆಯೆಲ್ಲ ಅವರ ಪಂಚೆಯ ಮೇಲೆ ಬಿತ್ತು. ಅವರು ನೀವಲು ಹೋದರೆ ರೆಕ್ಕೆ ಬಡಿದು ಒದ್ದಾಡಿತು. ಮರುದಿನ ದನದ ಆಸ್ಪತ್ರೆಯಲ್ಲಿ ಡಾಕ್ಟರು ಸಿಗಲಿಲ್ಲ, ಮತ್ತೆ ಅದೇ ಕತೆ. ಕೋಳಿ ಇನ್ನೂ ಸೊರಗಿತು. ಇದೂ ಹೋಗಿಬಿಟ್ಟರೆ ಆ ಮನೆಯಲ್ಲಿ ಇವರೊಬ್ಬರೇ... ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಅಮ್ಮ ಮಾತಾಡಿಸುತ್ತಾ ನೀವುತ್ತಿದ್ದರು, ಅದಕ್ಕೇ ಕೋಳಿ ಸುಮ್ಮನಿರುತ್ತಿತ್ತು, ನೀವೂ ಏನಾದರೂ ಮಾತಾಡಿ ಎಂದೆ. ಕೋಳಿಯ ಹತ್ತಿರ ಏನು ಮಾತಾಡುವುದು ಎಂದು ತಲೆ ತಗ್ಗಿಸಿದರು. ಬತ್ತಿಯನ್ನು ಮತ್ತೆ ಎಣ್ಣೆಗೆ ಅದ್ದುತ್ತಾ ಕೇಳಿದರು.

"ಅವ್ಳು ಏನ್ ಮಾತಾಡೋಳು?"

ಹೇಳಿದೆ. ಕಾಲುನೋವಿನ ಮಾತು, ನಲ್ಲಿಯಲ್ಲಿ ನೀರು ಬಾರದ ಮಾತು, ಉಪ್ಸಾರಿಗೆ ಸೊಪ್ಪು ಸಿಕ್ಕದ ಮಾತು. ಅವರು ಕೋಳಿಯನ್ನೇ ನೋಡುತ್ತಾ ಕೇಳಿದರು. ಇನ್ನೇನು, ಇನ್ನೇನು ಎಂದು ಮತ್ತೆ ಮತ್ತೆ ಕೇಳಿದರು. ನಾನು ತಡವರಿಸಿದೆ. ಆದರೆ ಅಷ್ಟು ಆಸೆಯಿಂದ ಕೇಳುವವರಿಗೆ ಮುಚ್ಚಿಡಲು ಮನಸ್ಸಾಗಲಿಲ್ಲ. ಆ ಅಮ್ಮ ಎಷ್ಟೋ ದಿನ ಅನ್ನುತ್ತಿದ್ದ ಮಾತನ್ನು ಅವರು ಅಂದ ಹಾಗೆಯೇ ಹೇಳಿಬಿಟ್ಟೆ.

"ಇವತ್ತೂ ಸುಮ್ಕೆ ಉಂಡು ಎದ್ದೋದ್ರು ಕಣವ್ವ. ಸಾರು ಎಂಗಿತ್ತು ಅಂತ ಒಂದ್ ಮಾತು ಅನ್ನಿಲ್ಲ."

ನೀವುತ್ತಿದ್ದ ಅವರ ಬೆರಳು ನಿಂತಿತು. ನನ್ನ ಕಡೆ ನೋಡಲಿಲ್ಲ. ಕೋಳಿಯ ತಲೆಯ ಹತ್ತಿರ ಬಗ್ಗಿದರು.

"ಸಾರು ಚೆನ್ನಾಗೇ ಇರ್ತಿತ್ತು ಕಣವ್ವ. ದಿನಾಲೂ ಚೆನ್ನಾಗೇ ಇರ್ತಿತ್ತು."

ಮತ್ತೆ ನೀವತೊಡಗಿದರು. ಕೋಳಿ ಒದ್ದಾಡಲಿಲ್ಲ. ನಾನು ಎದ್ದು ಬಂದೆ.

ಕೋಳಿ ಉಳಿಯಿತು. ಉಂಡೆ ನಿಧಾನವಾಗಿ ಮೆತ್ತಗಾಗಿ ಕರಗಿತು. ಒಂದು ಸಂಜೆ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅದು ಗೋಡೆಯ ಮೇಲೆ ಕೂತಿತ್ತು. ಅಲ್ಲಿಂದ ಮುಂದೆ ಗೋಡೆಯಾಚೆ ಮತ್ತೆ ಮಾತು ಶುರುವಾಯಿತು. ಈಗ ಗಂಡಸಿನ ದನಿ. ಅನ್ನ ಮುದ್ದೆಯಾದದ್ದು, ಮದ್ದೂರಿಗೆ ಹೋಗಿ ಬಂದದ್ದು, ಅವಳು ಕನಸಿನಲ್ಲಿ ಬಂದದ್ದು. ನಾನು ಮುಂಚಿನ ಹಾಗೆಯೇ ಬಟ್ಟೆ ಒಗೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನನ್ನೊಡನೆ ಮಾತ್ರ ಅವರು ಮತ್ತೆ ತಲೆಯಾಡಿಸಿ ಹೋಗುವವರೇ ಆದರು. ನನಗೆ ಬೇಸರವಾಗಲಿಲ್ಲ.

ಆಮೇಲೆ ನನಗೆ ಮಂಡ್ಯಕ್ಕೆ ವರ್ಗವಾಯಿತು. ಹೋಗಿ ನೋಡಿಬರಬೇಕು ಅನ್ನುತ್ತಲೇ ವರ್ಷಗಳು ಕಳೆದವು. ಹೋದ ವರ್ಷ ಪರೀಕ್ಷೆಯ ಕೆಲಸಕ್ಕೆಂದು ಭಾರತೀನಗರಕ್ಕೆ ಹೋದವಳು ಆ ಬೀದಿಗೂ ಹೋದೆ. ಯಜಮಾನರ ಮನೆಗೆ ಬೀಗ ಬಿದ್ದಿತ್ತು. ನಾನಿದ್ದ ಮನೆಯಲ್ಲಿ ಈಗಿರುವ ಹೆಂಗಸು ಹೊರಗೆ ಬಂದಳು. ಅವರು ತೀರಿಕೊಂಡು ಕೆಲವು ತಿಂಗಳಾಯಿತು ಎಂದಳು. ಕೋಳಿಯ ಬಗ್ಗೆ ಕೇಳಿದೆ. ತಾವು ಬಂದಾಗಿನಿಂದ ಆ ಹಿತ್ತಲಿನಲ್ಲಿ ಯಾವ ಕೋಳಿಯನ್ನೂ ಕಂಡಿಲ್ಲವಂತೆ.

"ಅವ್ರು ಯಾರ್ ಜೊತೆಗೂ ಮಾತಾಡ್ತಿರ್ನಿಲ್ಲ ಕಣಮ್ಮ. ಮೂಗ್ರೇನೋ ಅನ್ಕಂಡಿದ್ದೊ."

ಇಲ್ಲ, ಚೆನ್ನಾಗಿ ಮಾತಾಡುತ್ತಿದ್ದರು ಎಂದೆ. ಆಕೆ ಹೌದಾ ಎಂದು ತಲೆಯಾಡಿಸಿ, ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದಳು.

ಈಗ ನನ್ನ ಮನೆ ಎರಡನೇ ಮಹಡಿಯಲ್ಲಿದೆ. ಸಂಜೆ ಬಾಗಿಲು ಹಾಕಿಕೊಂಡ ಮೇಲೆ ಕೆಲವು ಸಲ ಯಜಮಾನರ ದನಿ ನೆನಪಿಸಿಕೊಳ್ಳಲು ನೋಡುತ್ತೇನೆ. ಕೋಳಿಯ ಹತ್ತಿರ ಅವರು ಆಡಿದ್ದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಮಾತುಗಳೆಲ್ಲ ನೆನಪಿವೆ. ದನಿ ಹೇಗಿತ್ತು ಅನ್ನುವುದು ಮಾತ್ರ ಈಚೀಚೆಗೆ ಮರೆತುಹೋಗುತ್ತಿದೆ...